ಬೋರ್ಡಿಲ್ಲದ ರೊಟ್ಟಿ ಮನೆ: ಎಂಟು ತಿಂಗಳ ಗಿರಾಕಿಯ ಷರಾ

ಈ ಅಂಗಡಿಗೆ ಹೆಸರಿಲ್ಲ, ಬೋರ್ಡೂ ಇಲ್ಲ. ಹಾಗಾಗಿ ನನ್ನ ಕಸುಬಿನ ರೂಢಿಯಂತೆ ಚಕ್ಕುಬಂದಿಯಿಂದಲೇ ಶುರು ಮಾಡುತ್ತೇನೆ. ಪೂರ್ವಕ್ಕೆ ಹಿಟ್ಟಿನ ಗಿರಣಿ, ಪಶ್ಚಿಮಕ್ಕೆ ಸದಾ ಬಾಗಿಲು ಹಾಕಿರುವ ಸೈಕಲ್ ರಿಪೇರಿ ಅಂಗಡಿ, ಉತ್ತರಕ್ಕೆ ಗಟಾರು, ದಕ್ಷಿಣಕ್ಕೆ ಓಣಿಯ ರಸ್ತೆ. ವಿಜಯಪುರದ ಗಾಂಧಿ ಚೌಕದಿಂದ ನಡೆದರೆ ಹತ್ತು ನಿಮಿಷ. ರೊಟ್ಟಿ ತಟ್ಟುವ ಸಪ್ಪಳ ಕಿವಿಗೆ ಬಿದ್ದರೆ ಸರಿಯಾದ ಓಣಿಗೇ ಬಂದಿದ್ದೀರಿ.

ನಾನು ಇಪ್ಪತ್ತಾರು ವರ್ಷಗಳಿಂದ ಪತ್ರ ಬರೆಯುವವನು. ಖರೀದಿ ಪತ್ರ, ಬಕ್ಷೀಸು ಪತ್ರ, ವಾಟ್ನಿ (ಪಾಲು) ಪತ್ರ. ಈಗ ಎಲ್ಲವೂ ಕಂಪ್ಯೂಟರಿನಲ್ಲಿ ಆಗುತ್ತದೆ, ಆದರೆ ಚಹಾ ಮಾತ್ರ ಹಳೆಯ ಪದ್ಧತಿಯಂತೆಯೇ ಬರುತ್ತದೆ. ಬರೆದುಕೊಡುವವರು ಒಂದು ಸುತ್ತು ಹೇಳುತ್ತಾರೆ, ಬರೆಸಿಕೊಳ್ಳುವವರು ಇನ್ನೊಂದು. ಸಾಕ್ಷಿದಾರರು ಸಹಿ ಮಾಡಿದ ಮೇಲೆ ಮೂರನೆಯದು. ಬೇಡವೆಂದರೆ ವ್ಯವಹಾರದಲ್ಲಿ ಏನೋ ಕೊಂಕು ಇದೆ ಎಂದುಕೊಳ್ಳುತ್ತಾರೆ. ದಿನಕ್ಕೆ ಒಂಬತ್ತು ಕಪ್ಪು ಆಗುತ್ತಿತ್ತು. ನಮ್ಮ ಚಹಾದ ಹುಡುಗ ಕಪ್ಪಿಗೆ ಎರಡು ಚಮಚ ಸಕ್ಕರೆ ಹಾಕುತ್ತಾನೆ. ಚಮಚಕ್ಕೆ ನಾಲ್ಕು ಗ್ರಾಂ ಹಿಡಿದರೂ ದಿನಕ್ಕೆ 72 ಗ್ರಾಂ. ಈ ಲೆಕ್ಕವನ್ನು ನಾನು ಮಾಡಿದ್ದು ರಕ್ತ ಪರೀಕ್ಷೆಯ ಚೀಟಿ ಕೈಗೆ ಬಂದ ಮೇಲೆ.

ಕಳೆದ ಜೂನ್‌ನಲ್ಲಿ ಹೆಂಡತಿಯ ಕಾಟಕ್ಕೆ ಹೋಗಿ ರಕ್ತ ಕೊಟ್ಟೆ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 114, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.2. ತೂಕ 81 ಕಿಲೋ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಅದನ್ನು ಮಧುಮೇಹದ ಪೂರ್ವ ಹಂತ ಎನ್ನುತ್ತಾರೆ, ಜನರ ಬಾಯಲ್ಲಿ ಬಾರ್ಡರ್ ಶುಗರ್, 6.5 ಮುಟ್ಟಿದರೆ ಬಾರ್ಡರ್ ದಾಟಿದಂತೆ. ನಮ್ಮ ತಂದೆಯವರು ಕೊನೆಯ ನಾಲ್ಕು ವರ್ಷ ಬಲಗಾಲಿನ ಎರಡು ಬೆರಳುಗಳಿಲ್ಲದೆ ನಡೆದರು. ಆದ್ದರಿಂದ ವೈದ್ಯರು ಹೆಚ್ಚು ಹೆದರಿಸಬೇಕಾಗಿ ಬರಲಿಲ್ಲ. ಸದ್ಯಕ್ಕೆ ಗುಳಿಗೆ ಬೇಡ, ಊಟ ಬದಲಾಯಿಸಿ, ನಡೆಯಿರಿ, ತೂಕ ಇಳಿಸಿ, ನಾಲ್ಕು ತಿಂಗಳ ನಂತರ ಬನ್ನಿ ಎಂದರು. ನನಗೆ ಅರ್ಥವಾದದ್ದು ಇಷ್ಟು: ಪತ್ರ ಇನ್ನೂ ಕರಡಿನಲ್ಲಿದೆ, ನೋಂದಣಿ ಆಗಿಲ್ಲ, ತಿದ್ದಲು ಅವಕಾಶವಿದೆ.

ಮೊದಲು ತಿದ್ದಿದ್ದು ತಪ್ಪಾಗಿಯೇ. ಮೊಬೈಲಿನಲ್ಲಿ ಕಂಡ ಒಂದು ಪಥ್ಯದ ಯೋಜನೆಗೆ ಮೂರು ಸಾವಿರ ರೂಪಾಯಿ ಕಟ್ಟಿದೆ. ಅವರು ಕಿನೋವಾ, ಅವಕಾಡೊ ಎಂದೆಲ್ಲ ಪಟ್ಟಿ ಕಳಿಸಿದರು. ಸಂತೆಯಲ್ಲಿ ಅವಕಾಡೊ ಕೇಳಿದಾಗ ಕಾಯಿಪಲ್ಯದ ಮುದುಕಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಓಟ್ಸ್ ಹದಿಮೂರು ದಿನ ತಿಂದೆ. ಆ ವಿಷಯ ಅಲ್ಲಿಗೇ ಬಿಡೋಣ.

ರೊಟ್ಟಿ ನಮಗೇನು ಹೊಸದಲ್ಲ. ಆದರೆ ನನ್ನ ಹೆಂಡತಿಗೆ ಮಣಿಕಟ್ಟಿನ ನೋವು ಬಂದು ಎರಡು ವರ್ಷದಿಂದ ಮನೆಯಲ್ಲಿ ತಟ್ಟುವುದು ನಿಂತುಹೋಗಿತ್ತು. ಅನ್ನ ಎರಡು ಹೊತ್ತಿಗೂ ಬಂದು ಕುಳಿತಿತ್ತು. ಗಿರಣಿಗೆ ಹೋದಾಗ ಪಕ್ಕದ ಬಾಗಿಲಿನಿಂದ ಸಪ್ಪಳ ಕೇಳಿ ಇಣುಕಿದೆ. ಅರುವತ್ತರ ಆಸುಪಾಸಿನ ಅಕ್ಕ ಒಬ್ಬರು, ಅವರ ಸೊಸೆ, ಓಣಿಯ ಇನ್ನೊಬ್ಬ ಹೆಣ್ಣುಮಗಳು. ಎರಡು ಗ್ಯಾಸ್ ಒಲೆ, ಒಂದು ಕಟ್ಟಿಗೆ ಒಲೆ. ಅಕ್ಕ ಕಟ್ಟಿಗೆ ಒಲೆ ಬಿಟ್ಟು ಏಳುವುದಿಲ್ಲ.

ಇವರ ರೊಟ್ಟಿ ಚೆನ್ನಾಗಿರುವುದಕ್ಕೆ ಕಾರಣ ಹಿಟ್ಟು. ಹಿಂಗಾರಿಯ ಮಾಲದಂಡಿ ಜೋಳ, ಡೋಣಿ ನದಿ ಸಾಲಿನ ಎರೆಹೊಲದ್ದು, ಮೂರು ದಿನಕ್ಕೆ ಬೇಕಾದಷ್ಟು ಮಾತ್ರ ಪಕ್ಕದ ಗಿರಣಿಯಲ್ಲಿ ಬೀಸಿಸುತ್ತಾರೆ. ಜೋಳದಲ್ಲಿ ಗೋಧಿಯ ಹಾಗೆ ಎಳೆದು ಹಿಡಿಯುವ ಅಂಟು ಇಲ್ಲ. ಕುದಿಯುವ ಎಸರು ಬಿದ್ದಾಗ ಪಿಷ್ಟ ಬೆಂದು ಜಿಗುಟಾಗಬೇಕು, ಆಗಲೇ ತಟ್ಟಲು ಬರುತ್ತದೆ. ಹಳೆಯ ಹಿಟ್ಟಾದರೆ ಅಂಚು ಸೀಳುತ್ತದೆ. ಕೆಲವು ಕಡೆ ಸೀಳದಿರಲೆಂದು ಗೋಧಿ ಹಿಟ್ಟು ಬೆರೆಸುತ್ತಾರೆ. ಇಲ್ಲಿ ಬೆರೆಸುತ್ತೀರಾ ಎಂದು ನಾನು ನೇರವಾಗಿಯೇ ಕೇಳಿದೆ. ಅಕ್ಕ ಉತ್ತರ ಕೊಡಲಿಲ್ಲ, ಹಿಟ್ಟಿನ ಡಬ್ಬಿಯನ್ನು ನನ್ನ ಮುಂದೆ ಸರಿಸಿ ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದರು. ಮೇಲೆ ಒದ್ದೆ ಬಟ್ಟೆ ಸವರಿ ತಿರುವಿದರೆ ಪೂರಿಯಂತೆ ಉಬ್ಬಿತು. ನನಗೆ ಅಷ್ಟು ಸಾಕ್ಷಿ ಸಾಕಾಯಿತು.

ಬಿಸಿ ರೊಟ್ಟಿ ಹತ್ತು ರೂಪಾಯಿ, ಖಡಕ್ ರೊಟ್ಟಿ ಎಂಟು. ಪಲ್ಯ ಒಂದು ಬಟ್ಟಲು ಮೂವತ್ತು.

ಈಗ ನನ್ನ ಮೂರ್ಖತನದ ಭಾಗ. ರೊಟ್ಟಿ ಶುಗರಿಗೆ ಔಷಧ ಎಂದು ಊರೆಲ್ಲ ಹೇಳುತ್ತದೆ. ನಾನೂ ಔಷಧವೆಂದೇ ತಿಂದೆ, ಹೆಚ್ಚು ತಿಂದಷ್ಟು ಹೆಚ್ಚು ಗುಣ ಎಂಬಂತೆ. ಖಡಕ್ ರೊಟ್ಟಿಯಲ್ಲಿ ಒಂದು ಮೋಸವಿದೆ: ಹಪ್ಪಳದಂತೆ ಹಗುರ, ಮುರಿಯುತ್ತಾ ಮಾತನಾಡುತ್ತಾ ಕುಳಿತರೆ ಐದು ಮುಗಿದದ್ದು ಗೊತ್ತಾಗುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ (ಚಟ್ನಿ ಪುಡಿ), ಮೊಸರು. ಪಲ್ಯ ಇಲ್ಲ, ಏಕೆಂದರೆ ಮೂವತ್ತು ರೂಪಾಯಿ ಉಳಿಯುತ್ತದೆ. ಔಷಧ ಅಂಗಡಿಯಿಂದ ಪಟ್ಟಿ ಹಾಕಿ ಸಕ್ಕರೆ ನೋಡುವ ಯಂತ್ರವೊಂದನ್ನು ತಂದಿದ್ದೆ. ಊಟ ಶುರುವಾದ ಎರಡು ಗಂಟೆಗೆ ಬೆರಳು ಚುಚ್ಚಿದರೆ 171. ಯಂತ್ರ ಕೆಟ್ಟಿದೆ ಎಂದುಕೊಂಡೆ. ಕೈ ತೊಳೆದು ಮತ್ತೆ ಚುಚ್ಚಿದೆ, 168.

ಆಮೇಲೆ ಮಗ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕ ತೋರಿಸಿದ. 100 ಗ್ರಾಂ ಜೋಳದಲ್ಲಿ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಸುಮಾರು 68 ಗ್ರಾಂ, ನಾರು 10 ಗ್ರಾಂ. ಅಕ್ಕಿಯಲ್ಲಿ ಶರ್ಕರಪಿಷ್ಟ 78, ನಾರು ಮೂರಕ್ಕೂ ಕಡಿಮೆ. ಅಂದರೆ ಜೋಳ ಅನ್ನಕ್ಕಿಂತ ವಾಸಿ, ಸಂಶಯವಿಲ್ಲ. ಆದರೆ ಅದೂ ಪಿಷ್ಟವೇ, ಐದು ರೊಟ್ಟಿ ಐದು ರೊಟ್ಟಿಯೇ. ನಮ್ಮವರಿಗೆ ಬೇಸರವಾದರೂ ಇನ್ನೊಂದು ಮಾತು ಹೇಳಬೇಕು: ತೌಡು ಸಹಿತ ಬೀಸಿದ ಗೋಧಿ ಹಿಟ್ಟಿನಲ್ಲಿ ನಾರು ಜೋಳಕ್ಕಿಂತ ಕಡಿಮೆ ಏನಿಲ್ಲ. ಚಪಾತಿ ತಿನ್ನುವವರನ್ನು ಕೀಳಾಗಿ ಕಾಣುವುದನ್ನು ನಾನು ಅಂದೇ ಬಿಟ್ಟೆ.

ಬದಲಾವಣೆ ಬಂದದ್ದು ಅಕ್ಕನ ಒಂದು ಪ್ರಶ್ನೆಯಿಂದ. ಹದಿನೈದು ಖಡಕ್ ರೊಟ್ಟಿ ಕಟ್ಟಿಸಿಕೊಳ್ಳುತ್ತಿದ್ದಾಗ ಕೇಳಿದರು: “ತಮ್ಮಾ, ಬರೀ ರೊಟ್ಟಿ ಒಯ್ಯುತ್ತೀಯಲ್ಲ, ಪಲ್ಯ ಯಾರು ಮಾಡುತ್ತಾರೆ?”

ಪಲ್ಯ ಬೇಡ ಅಕ್ಕಾ, ಹಿಂಡಿ ಇದೆ ಎಂದೆ.

“ನಾವು ಹೊಲದಲ್ಲಿ ಒಂದು ರೊಟ್ಟಿಗೆ ಒಂದು ಹಿಡಿ ಹಕ್ಕರಕಿ ಸೊಪ್ಪು ತಿನ್ನುತ್ತಿದ್ದೆವು. ನೀನು ಕುಳಿತು ಬರೆಯುವವನು. ನಿನಗೆ ರೊಟ್ಟಿ ಏಕೆ ಇಷ್ಟು?” ಎಂದು ಹದಿನೈದರಲ್ಲಿ ಆರನ್ನು ತೆಗೆದು ಬುಟ್ಟಿಗೆ ಹಾಕಿಬಿಟ್ಟರು. ಕೊಂಡದ್ದನ್ನು ವಾಪಸು ತೆಗೆದುಕೊಂಡ ಅಂಗಡಿಯವರನ್ನು ನಾನು ನೋಡಿದ್ದು ಅದೇ ಮೊದಲು. ಕೋಪ ಬಂತು. ಎರಡು ದಿನ ಹೋಗಲಿಲ್ಲ. ಮೂರನೆಯ ದಿನ ಎರಡು ಬಿಸಿ ರೊಟ್ಟಿ, ಒಂದು ಬಟ್ಟಲು ಮಡಿಕೆ ಕಾಳಿನ ಪಲ್ಯ, ಒಂದು ಕಟ್ಟು ಹಕ್ಕರಕಿ ತಂದೆ. ಮೊದಲು ಹಕ್ಕರಕಿ ಮತ್ತು ಸವತೆಕಾಯಿ, ಆಮೇಲೆ ಕಾಳು, ಕೊನೆಗೆ ರೊಟ್ಟಿ ಎಂಬ ಕ್ರಮದಲ್ಲಿ ಉಂಡೆ. ಎರಡು ಗಂಟೆಗೆ 132.

ಅಂದಿನಿಂದ ಈ ಮನೆಗೆ ನಾನು ರೊಟ್ಟಿಗಿಂತ ಪಲ್ಯಕ್ಕಾಗಿ ಹೋಗುತ್ತೇನೆ. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು ಹಾಕುತ್ತಾರೆ, ಆದರೆ ಕೈ ಬಿಗಿಹಿಡಿದು, ಹುಳಿ ಮುಂದೆ ನಿಲ್ಲುವಂತೆ. ಮೇಲೆ ಬೆಳ್ಳುಳ್ಳಿ ಒಗ್ಗರಣೆ. ವಾರದಲ್ಲಿ ಎರಡು ದಿನ ಮಾತ್ರ. ಮಡಿಕೆ ಕಾಳು ಮೊಳಕೆ ಬಂದದ್ದೇ ಇರುತ್ತದೆ, ಗಟ್ಟಿ ಉಳಿಯುವಷ್ಟು ಬೇಯಿಸುತ್ತಾರೆ. ಅಗಿಯದೆ ನುಂಗಲು ಆಗುವುದಿಲ್ಲ, ಆದ್ದರಿಂದ ಊಟ ತಾನಾಗಿ ನಿಧಾನವಾಗುತ್ತದೆ. ಕಡಲೆ ಹಿಟ್ಟಿನ ಝುಣಕ ನನ್ನ ಮೆಚ್ಚಿನದು, ಮರುದಿನ ತಣ್ಣಗಿದ್ದಾಗ ಇನ್ನೂ ರುಚಿ. ಅಗಸಿ ಹಿಂಡಿ ಹದವಾಗಿ ಹುರಿದದ್ದು, ಕಹಿ ಇಲ್ಲ. ಶೇಂಗಾ ಹಿಂಡಿಯಲ್ಲಿ ಕೆಲವೊಮ್ಮೆ ಬೆಲ್ಲ ಸೇರುತ್ತಿತ್ತು. ಹೇಳಿದ ಮೇಲೆ ನಮ್ಮಂಥವರಿಗೆಂದು ಬೇರೆ ಡಬ್ಬಿ ಮಾಡಿದ್ದಾರೆ, ಮುಚ್ಚಳದ ಮೇಲೆ ಸುಣ್ಣದಲ್ಲಿ ಒಂದು ಗೀಟು.

ಬೆಲ್ಲದ ವಿಷಯ ಬಂದದ್ದರಿಂದ ಹೇಳುತ್ತೇನೆ. ಬೆಲ್ಲದ ಚಹಾ ಎಂದು ಬೋರ್ಡು ಹಾಕಿದಲ್ಲೆಲ್ಲ ಶುಗರ್ ಇರುವವರದೇ ಸಾಲು. ಬೆಲ್ಲದಲ್ಲಿ ಇರುವುದು ಬಹುಪಾಲು ಸಕ್ಕರೆಯೇ, ಬಣ್ಣ ಬೇರೆ ಅಷ್ಟೇ. ನಾನು ಸಕ್ಕರೆ ಇಲ್ಲದ ಎರಡು ಕಪ್ಪಿಗೆ ನಿಂತಿದ್ದೇನೆ. ಉಳಿದ ಸುತ್ತು ಬಂದಾಗ ಚಹಾದ ಹುಡುಗ “ಕಾಕಾ, ನಿಮ್ಮದು?” ಎಂದು ಕೇಳಿ ತಾನೇ ಬಿಸಿನೀರು ಇಟ್ಟು ಹೋಗುತ್ತಾನೆ. ಪಕ್ಷಗಾರರಿಗೆ ಕಪ್ಪಿನಲ್ಲಿ ಏನಿದೆ ಎಂದು ಕಾಣುವುದಿಲ್ಲ, ವ್ಯವಹಾರ ಸುಸೂತ್ರ.

ಇನ್ನು ದೂರುಗಳು. ಪಲ್ಯಕ್ಕೆ ಉಪ್ಪು ಹೆಚ್ಚು. ರಕ್ತದೊತ್ತಡ ಇರುವವರು ಮೊದಲೇ ಹೇಳಿ, ಹೇಳಿದರೂ ಎರಡು ಸಲ ಹೇಳಿ. ಬದನೆಕಾಯಿ ಎಣ್ಣೆಗಾಯಿಯಲ್ಲಿ ಬದನೆಕಾಯಿ ಈಜುತ್ತಿರುತ್ತದೆ. ನಾನು ಎಣ್ಣೆ ಬಸಿದು ತಿನ್ನುತ್ತೇನೆ, ಅದು ಅಡುಗೆ ಮಾಡಿದವರಿಗೆ ಅವಮಾನ ಎಂದು ಗೊತ್ತಿದ್ದೂ. ಸೊಸೆ ತವರಿಗೆ ಹೋದ ವಾರ ರೊಟ್ಟಿ ದಪ್ಪವಾಗುತ್ತದೆ. ಒಂದೇ ಬೆಲೆಗೆ ದೊಡ್ಡ ರೊಟ್ಟಿ ಸಿಕ್ಕಿತೆಂದು ಉಳಿದವರು ಹಿಗ್ಗುತ್ತಾರೆ, ಎಣಿಸಿ ತಿನ್ನುವವನಿಗೆ ಲೆಕ್ಕ ತಪ್ಪುತ್ತದೆ. ಆಗಸ್ಟಿನ ಮಳೆಯಲ್ಲಿ ಒಮ್ಮೆ ಖಡಕ್ ರೊಟ್ಟಿ ಮುಗ್ಗಲು ವಾಸನೆ ಬಂತು. ಒಯ್ದು ತೋರಿಸಿದೆ, ಮಾತಿಲ್ಲದೆ ಬದಲಾಯಿಸಿ ಕೊಟ್ಟರು. ಫೋನ್ ಮಾಡಿದರೆ ಎತ್ತುವುದಿಲ್ಲ, ಕೈ ತುಂಬಾ ಹಿಟ್ಟು ಇರುತ್ತದೆ.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುತ್ತಾರೆ. ಆ ನಾಲ್ಕು ದಿನ ನಾನು ಎಣಿಸಲಿಲ್ಲ. ಶೇಂಗಾ ಹೋಳಿಗೆಯನ್ನೂ ಎಣಿಸಲಿಲ್ಲ. ಐದನೆಯ ದಿನ ಅಕ್ಕ ನನ್ನ ಮುಖ ನೋಡಿ ಕೇಳದೆಯೇ ಎರಡು ಕಟ್ಟು ಮೆಂತ್ಯ ಸೊಪ್ಪು ಕಟ್ಟಿದರು.

ಫಲಿತಾಂಶ: ಅಕ್ಟೋಬರಿನಲ್ಲಿ ಎಚ್‌ಬಿಎ1ಸಿ 5.8, ಈ ಫೆಬ್ರುವರಿಯಲ್ಲಿ 5.6. ಖಾಲಿ ಹೊಟ್ಟೆಯಲ್ಲಿ 96. ತೂಕ 75. ಇದೆಲ್ಲವೂ ರೊಟ್ಟಿ ಮನೆಯ ಪುಣ್ಯ ಎಂದು ಬರೆದುಕೊಟ್ಟರೆ ಅದು ಸುಳ್ಳು ದಸ್ತಾವೇಜು ಆಗುತ್ತದೆ. ಏಳು ಕಪ್ಪು ಚಹಾ ಹೋಯಿತು, ರಾತ್ರಿಯ ಅನ್ನ ಹೋಯಿತು, ಊಟವಾದ ಮೇಲೆ ಬಾರಾಕಮಾನ್ ಕಡೆಗೆ ಅರ್ಧ ಗಂಟೆಯ ನಡಿಗೆ ಬಂತು. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಬಗ್ಗೆ ವೈದ್ಯರು ಹೇಳಿದ್ದರು. ಅದರಲ್ಲಿ ಬಾರ್ಡರಿನಲ್ಲಿದ್ದ ಒಂದು ಗುಂಪಿನವರಿಗೆ ತೂಕ ಶೇ 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ನಡೆಯಿರಿ ಎಂದು ಗುರಿ ಕೊಟ್ಟರು. ಅವರಲ್ಲಿ ಮಧುಮೇಹಕ್ಕೆ ಜಾರುವುದು ಶೇ 58ರಷ್ಟು ಕಡಿಮೆಯಾಯಿತು, ಮೆಟ್‌ಫಾರ್ಮಿನ್ ಗುಳಿಗೆ ತೆಗೆದುಕೊಂಡವರಲ್ಲಿ ಶೇ 31ರಷ್ಟು. ನಮ್ಮ ದೇಶದಲ್ಲೇ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಊಟ ಮತ್ತು ನಡಿಗೆಯಿಂದ ಬಂದ ಇಳಿಕೆ ಶೇ 28.5. ನಮ್ಮವರ ಅಂಕಿ ಚಿಕ್ಕದು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನ 81ಕ್ಕೆ ಶೇ 7 ಎಂದರೆ ಐದೂವರೆ ಕಿಲೋ ಚಿಲ್ಲರೆ, ಆರು ಇಳಿದಿದೆ.

ಮತ್ತೆ “ಶುಗರ್ ಹೋಯಿತಂತೆ?” ಎಂದು ಕೇಳುವವರಿಗೆ ನಾನು ಋಣಭಾರ ಪತ್ರದ ಉದಾಹರಣೆ ಕೊಡುತ್ತೇನೆ. ಇಂತಿಷ್ಟು ತಾರೀಖಿನವರೆಗೆ ಆಸ್ತಿಯ ಮೇಲೆ ಬೋಜಾ ಇಲ್ಲ ಎಂದು ಅದು ಹೇಳುತ್ತದೆ. ನಾಳೆಯ ಮಾತು ಅದರಲ್ಲಿ ಇರುವುದಿಲ್ಲ. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ, ಎಚ್‌ಬಿಎ1ಸಿ ಹೇಳುವುದೂ ಕಳೆದ ಎರಡು ಮೂರು ತಿಂಗಳ ಕಥೆಯನ್ನೇ. ನನ್ನ ಮುಂದಿನ ಪರೀಕ್ಷೆ ಆಗಸ್ಟಿನಲ್ಲಿದೆ.

ಹೋಗುವವರಿಗೆ ಸೂಚನೆ: ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದೂವರೆ, ಸಂಜೆ ಆರರಿಂದ ಎಂಟು. ಅಮಾವಾಸ್ಯೆಗೆ ರಜೆ. ಡಬ್ಬಿ ನೀವೇ ಒಯ್ಯಿರಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಸಿ ರೊಟ್ಟಿ ಬೆವರಿ ಮುದ್ದೆಯಾಗುತ್ತದೆ. ಕುಳಿತು ಉಣ್ಣಲು ಜಾಗವಿಲ್ಲ, ಗಿರಣಿಯ ಕಟ್ಟೆಯಿದೆ. ಪುಂಡಿ ಪಲ್ಯ ಮಂಗಳವಾರ ಮತ್ತು ಶುಕ್ರವಾರ, ಹನ್ನೊಂದೂವರೆಗೆ ಮುಗಿದಿರುತ್ತದೆ. ಅದಾದ ಮೇಲೂ ಮೂಲೆಯಲ್ಲಿ ಸ್ಟೀಲ್ ಡಬ್ಬಿಯೊಂದು ಕಂಡರೆ ಕೇಳಬೇಡಿ, ಅದು ನನ್ನದು.