ನೋವು ಹೋಯ್ತು ಅಂತ ಆಟಕ್ಕೆ ಇಳಿಯಬೇಡಿ: ಒಂದೇ ಕಾಲು ಮೂರು ಸಲ ಉಳುಕಿಸಿಕೊಂಡವನ ಮಾತು

ಬಲಗಾಲು. ಅದೇ ಕಾಲು, ಅದೇ ಜಾಗ, ಎಂಟು ತಿಂಗಳಲ್ಲಿ ಮೂರು ಸಲ. ಮೊದಲನೆಯದು ಗ್ರಹಚಾರ ಅನ್ನೋಣ. ಉಳಿದ ಎರಡು ನನ್ನದೇ ದಡ್ಡತನ.

ನಮ್ಮ ಆಫೀಸಿನವರು ಗುರುವಾರ ರಾತ್ರಿ ಬೆಂಗಳೂರಿನಲ್ಲಿ ಒಂದು ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ, ಬುಕ್ ಮಾಡಿ ಐದೈದು ಜನ ಫುಟ್‌ಬಾಲ್ ಆಡುತ್ತೇವೆ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟಿರುತ್ತೇವಲ್ವಾ, ವಾರ್ಮ್‌ಅಪ್‌ಗೆ ಅಂತ ಹತ್ತು ನಿಮಿಷ ಬಿಡೋಕೆ ಯಾರಿಗೂ ಮನಸ್ಸಿಲ್ಲ. ಬೈಕ್ ಇಳಿದು, ಲೇಸ್ ಬಿಗಿದು, ನೇರ ಆಟ. ಅವತ್ತು ಹೆಡ್ ಮಾಡೋಕೆ ಹಾರಿದೆ, ಇಳಿಯುವಾಗ ಇನ್ನೊಬ್ಬನ ಶೂ ಮೇಲೆ ಕಾಲಿಟ್ಟೆ, ಪಾದ ಒಳಕ್ಕೆ ಮಡಚಿಕೊಂಡಿತು. ಟಕ್ ಅಂದಿದ್ದು ನನಗೇ ಕೇಳಿಸಿತು. ಸಾಕ್ಸ್ ಬಿಚ್ಚುವಷ್ಟರಲ್ಲಿ ಹೊರಗಡೆ ಗಂಟಿನ ಕೆಳಗೆ ಕೋಳಿಮೊಟ್ಟೆ ಗಾತ್ರ ಊದಿತ್ತು.

ಮನೆಯಲ್ಲಿ ಅಮ್ಮ ಹುಣಸೆಹಣ್ಣು, ಉಪ್ಪು ಕುದಿಸಿ ಬಿಸಿಬಿಸಿ ಪಟ್ಟು ಹಾಕಿದರು. ಅದು ಹಾಗಿರಲಿ. ಮಾರನೇ ದಿನ ಉಳುಕು ತೆಗೆಯುವವರ ಹತ್ತಿರ ಹೋದೆನಲ್ಲ, ಅದು ತಪ್ಪು. "ನರ ಸರಿದಿದೆ" ಅಂದರು. ಊತದ ಮೇಲೇ ಹೆಬ್ಬೆರಳಿಟ್ಟು ಒತ್ತಿ, ಪಾದ ಹಿಡಿದು ಒಂದು ಸಲ ತಿರುಗಿಸಿ ಎಳೆದರು. ಕಣ್ಣಲ್ಲಿ ನೀರು ಬಂತು. ನರ ಎಲ್ಲೂ ಸರಿದಿರಲಿಲ್ಲ, ಮೂಳೆಗೆ ಮೂಳೆ ಕಟ್ಟಿಹಿಡಿಯುವ ಲಿಗಮೆಂಟಿನ ಎಳೆಗಳು ಹರಿದಿದ್ದವು. ಹರಿದಿದ್ದನ್ನೇ ಮತ್ತೆ ಎಳೆದಂತಾಯಿತು. ಎಕ್ಸ್‌ರೇ ಬೇಕಾ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇದಕ್ಕೆ ಕೆನಡಾದ ಒಟ್ಟಾವಾ ಊರಿನ ಡಾಕ್ಟರುಗಳು 1992ರಲ್ಲೇ ಒಂದು ಸರಳ ನಿಯಮ ಮಾಡಿಟ್ಟಿದ್ದಾರೆ. ಬಿದ್ದ ತಕ್ಷಣವೂ ಆಗಲ್ಲ, ಡಾಕ್ಟರ್ ಮುಂದೆಯೂ ನಾಲ್ಕು ಹೆಜ್ಜೆ ಇಡೋಕೆ ಆಗಲ್ಲ ಅಂದರೆ ಎಕ್ಸ್‌ರೇ ಬೇಕು. ಒಳಗಿನದೋ ಹೊರಗಿನದೋ, ಗಂಟಿನ ಮೂಳೆಯ ಹಿಂದಿನ ಅಂಚು ಅಥವಾ ತುದಿ ಒತ್ತಿದಾಗ ನೋವಾದರೂ ಬೇಕು. ಪಾದದ ಹೊರ ಅಂಚಿನ ನಡುವೆ ಕಿರುಬೆರಳಿನ ಮೂಳೆ ಶುರುವಾಗುವ ಉಬ್ಬು ಇದೆಯಲ್ಲ, ಅಲ್ಲಿ ನೋವಿದ್ದರೂ ಅಷ್ಟೇ. ನನ್ನ ಮೂಳೆ ಮುರಿದಿರಲಿಲ್ಲ, ಅದು ಪುಣ್ಯ.

ಎರಡು ವಾರ ಕಳೆಯಿತು. ನೋವು ಹೋಯಿತು, ಊತ ಇಳಿಯಿತು. ಗುರುವಾರ ಒಬ್ಬ ಕಡಿಮೆ ಬಿದ್ದ. "ಸ್ಪ್ರೇ ಹೊಡ್ಕೋ, ಕ್ರೇಪ್ ಬ್ಯಾಂಡೇಜ್ ಸುತ್ಕೋ, ಸುಮ್ನೆ ಹಿಂದೆ ನಿಂತ್ಕೋ ಮಾರಾಯಾ" ಅಂದರು. ನಿಂತೆ. ಹತ್ತೇ ನಿಮಿಷ. ಯಾರೂ ಮುಟ್ಟಲಿಲ್ಲ, ಬಾಲ್ ಕೂಡ ಹತ್ತಿರ ಇರಲಿಲ್ಲ, ತಿರುಗಿದೆ ಅಷ್ಟೇ, ಕಾಲು ಮತ್ತೆ ಹೋಯಿತು.

ಮೂರನೇ ಸಲ ಮೈದಾನದಲ್ಲೂ ಅಲ್ಲ. ಬಸ್ ಇಳಿದು ಫುಟ್‌ಪಾತ್ ಮೇಲೆ ಕಾಲಿಟ್ಟೆ, ಚಪ್ಪಡಿ ಅಲುಗಾಡಿತು. ನಮ್ಮೂರ ಚಪ್ಪಡಿಗಳು ಅಲುಗಾಡೋದು ಹೊಸದಲ್ಲ, ಎಲ್ಲರೂ ತಡೆದುಕೊಂಡು ನಡೆಯುತ್ತಾರೆ. ನನ್ನ ಕಾಲಿಗೆ ತಡೆದುಕೊಳ್ಳೋಕೆ ಬರಲಿಲ್ಲ.

ಆಗ ಫಿಸಿಯೋ ಹತ್ತಿರ ಹೋದೆ. ಕುಂಟೋದು ನಿಂತ ಮೇಲೆ ಅವರು ಮಾಡಿಸಿದ ಮೊದಲ ಕೆಲಸ, ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲಿಸಿದ್ದು. ಎಡಗಾಲಲ್ಲಿ ಆರಾಮಾಗಿ ನಿಂತೆ. ಬಲಗಾಲಲ್ಲಿ ನಾಲ್ಕು ಎಣಿಸುವಷ್ಟರಲ್ಲಿ ಗೋಡೆ ಹಿಡಿದೆ, ನೋವು ಮಾತ್ರ ಚೂರೂ ಇಲ್ಲ! ಅವರು ಹೇಳಿದ್ದು ಇಷ್ಟು. ಲಿಗಮೆಂಟ್ ಬರೀ ಹಗ್ಗ ಅಲ್ಲ, ಪಾದ ಎಷ್ಟು ವಾಲಿದೆ ಅಂತ ಮೆದುಳಿಗೆ ಸುದ್ದಿ ಕೊಡುವ ನರದ ತುದಿಗಳು ಅದರಲ್ಲಿವೆ. ಹರಿದಾಗ ಅವೂ ಕೆಡುತ್ತವೆ. ಪಾದವನ್ನು ಹೊರಕ್ಕೆ ಎಳೆದು ಉಳಿಸಬೇಕಾದ ಸ್ನಾಯು ಕಾಲಿನ ಹೊರಬದಿಯಲ್ಲಿದೆ, ಅದಕ್ಕೆ ಸುದ್ದಿ ತಡವಾಗಿ ಮುಟ್ಟುತ್ತದೆ. ಅಷ್ಟರಲ್ಲಿ ಕಾಲು ಮಡಚಿರುತ್ತದೆ. ಮಲಗಿ ರೆಸ್ಟ್ ತೆಗೆದುಕೊಂಡರೆ ನೋವು ಹೋಗುತ್ತದೆ, ಇದು ಹೋಗಲ್ಲ. ಒಂದು ಸಲ ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕೋದು ಇದಕ್ಕೇ.

ಹಲ್ಲುಜ್ಜುವಾಗ ದಿನಾ ಒಂಟಿ ಕಾಲು. ಮೊದಲು ಕಣ್ಣು ಬಿಟ್ಟು, ಆಮೇಲೆ ಮುಚ್ಚಿ, ಆಮೇಲೆ ದಿಂಬಿನ ಮೇಲೆ. ರಬ್ಬರ್ ಬ್ಯಾಂಡನ್ನು ಮಂಚದ ಕಾಲಿಗೆ ಕಟ್ಟಿ ಪಾದವನ್ನು ಹೊರಕ್ಕೆ ಎಳೆಯೋದು, ಮೆಟ್ಟಿಲ ಅಂಚಲ್ಲಿ ಹಿಮ್ಮಡಿ ಎತ್ತಿ ಇಳಿಸೋದು. ಬೋರು ಹೊಡೆಯುತ್ತದೆ, ಸುಳ್ಳು ಹೇಳಲ್ಲ. ಮೂರು ತಿಂಗಳು ಹಿಡಿಯಿತು. ಬಲಗಾಲಲ್ಲಿ ಕುಂಟೆಬಿಲ್ಲೆ ಥರ ಮುಂದಕ್ಕೂ ಪಕ್ಕಕ್ಕೂ ಎಡಗಾಲಿನಷ್ಟೇ ಧೈರ್ಯವಾಗಿ ಕುಪ್ಪಳಿಸೋಕೆ ಬಂದ ಮೇಲೇ ಅವರು ಆಡೋಕೆ ಬಿಟ್ಟಿದ್ದು, ಅದೂ ಗಂಟನ್ನು ಬಿಗಿಯಾಗಿ ಹಿಡಿಯುವ, ಲೇಸ್ ಇರುವ ಬ್ರೇಸ್ ಹಾಕಿಕೊಂಡು. ಕ್ರೇಪ್ ಬ್ಯಾಂಡೇಜನ್ನು ನಂಬಬೇಡಿ, ಓಡೋಕೆ ಶುರು ಮಾಡಿದರೆ ಸಡಿಲವಾಗುತ್ತದೆ, ಬರೀ ಸುಳ್ಳು ಧೈರ್ಯ ಕೊಡುತ್ತದೆ.

ಶೂ ವಿಷಯ ಒಂದು. ನಿಜವಾದ ಹುಲ್ಲಿನ ಮೈದಾನದ, ಅಡಿಯಲ್ಲಿ ಉದ್ದ ಮೊಳೆಯಂಥ ಸ್ಟಡ್ ಇರುವ ಶೂ ಟರ್ಫ್‌ಗೆ ಬೇಡ. ಅದು ಕಚ್ಚಿ ಹಿಡಿಯುತ್ತದೆ, ಮೈ ತಿರುಗುತ್ತದೆ, ಪಾದ ತಿರುಗಲ್ಲ. ಚಿಕ್ಕ ಚಿಕ್ಕ ಗುಬಟು ಇರುವ ಟರ್ಫ್ ಶೂ ತಗೊಳ್ಳಿ.

ಇದು ನಮ್ಮಂಥ ಗುರುವಾರದ ಆಟಗಾರರ ಕಥೆ ಮಾತ್ರ ಅಲ್ಲ. 2022ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಸರ್ಬಿಯಾ ಮೇಲೆ ಆಡುವಾಗ ಬ್ರೆಜಿಲ್‌ನ ನೇಮಾರ್ ಬಲಗಾಲು ಉಳುಕಿತು, ಎರಡು ಪಂದ್ಯ ಹೊರಗೆ ಕೂತು ವಾಪಸ್ ಬಂದ. ಮೂರು ತಿಂಗಳಲ್ಲಿ ಕ್ಲಬ್ ಪಂದ್ಯದಲ್ಲಿ ಅದೇ ಕಾಲು ಮತ್ತೆ ಹೋಗಿ, ಆಪರೇಷನ್ ಆಯಿತು. ಅವನ ಹಿಂದೆ ಡಾಕ್ಟರುಗಳ ದಂಡೇ ಇತ್ತು. ನಮಗೆ ಇರೋದು ಸ್ಪ್ರೇ ಡಬ್ಬ.

ಫುಟ್‌ಬಾಲಿನ ವಿಶ್ವ ಸಂಸ್ಥೆ ಫಿಫಾದ್ದೇ '11+' ಅಂತ ಇಪ್ಪತ್ತು ನಿಮಿಷದ ವಾರ್ಮ್‌ಅಪ್ ಇದೆ, ದುಡ್ಡಿಲ್ಲ ಕಾಸಿಲ್ಲ, ಒಂಟಿ ಕಾಲಲ್ಲಿ ನಿಲ್ಲೋದೂ ಅದರಲ್ಲಿದೆ. ಈಗ ಅದಕ್ಕೇ ಬೇಗ ಹೋಗಿ ಟರ್ಫ್ ಹೊರಗೆ, ಪಾರ್ಕಿಂಗ್‌ನಲ್ಲಿ ಬೈಕ್‌ಗಳ ಮಧ್ಯೆ ಮಾಡುತ್ತೇನೆ. ಕೊಕ್ಕರೆ ಅಂತ ಹೆಸರಿಟ್ಟಿದ್ದಾರೆ. ಹೋದ ವಾರ ನಮ್ಮ ಗೋಲ್‌ಕೀಪರ್ ಕೂಡ ಏನೂ ಮಾತಾಡದೆ ಬಂದು ಪಕ್ಕದಲ್ಲಿ ನಿಂತ. ಅವನದು ಎಡಗಾಲು.