ಮಿಲಾನ್‌ನಲ್ಲಿ ಒಂದೇ ಮನೆ ನೋಡುವಷ್ಟು ಸಮಯವಿದ್ದರೆ

ವಿಲ್ಲಾ ನೆಕ್ಕಿ ಕಾಂಪಿಲಿಯೋ, ಇಲ್ಲವೇ ಬಗಾಟ್ಟಿ ವಾಲ್ಸೆಕ್ಕಿ? ನನ್ನ ಓಟು ಮೊದಲನೆಯದಕ್ಕೆ.

ಹೊಲಿಗೆ ಯಂತ್ರಗಳಿಂದ ಹೆಸರಾದ ನೆಕ್ಕಿ ಉದ್ಯಮಿ ಮನೆತನಕ್ಕಾಗಿ 1932–35ರಲ್ಲಿ ವಾಸ್ತುಶಿಲ್ಪಿ ಪಿಯೆರೊ ಪೊರ್ಟಾಲುಪ್ಪಿ ಕಟ್ಟಿದ ಬಂಗಲೆಯಿದು. ತೋಟದಲ್ಲಿ ಬಿಸಿನೀರಿನ ಈಜುಕೊಳ, ಟೆನಿಸ್ ಅಂಕಣ. ಜಗಲಿಯ ಎರಡು ಪದರ ಗಾಜಿನ ನಡುವೆ ಗಿಡಗಳನ್ನೇ ಬೆಳೆಸಿದ್ದಾರೆ. ಬಿಸಿಲು ಹಸಿರಾಗಿ ಸೋಸಿ ಒಳಬರುತ್ತದೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಎರಡನೇ ಮಹಾಯುದ್ಧದ ನಂತರ ಇನ್ನೊಬ್ಬ ವಾಸ್ತುಶಿಲ್ಪಿ ತೊಮಾಸೊ ಬುಟ್ಸಿ ತಂದ ಹಳೇ ಫ್ರೆಂಚ್ ಶೈಲಿಯ ಅಲಂಕಾರ ಮಾತ್ರ ಪೊರ್ಟಾಲುಪ್ಪಿಯ ನೇರ ಗೆರೆಗಳಿಗೆ ಒಗ್ಗುವುದಿಲ್ಲ. 2001ರಲ್ಲಿ ಮನೆ ಇಟಲಿಯ ಪರಂಪರೆ ಸಂಸ್ಥೆ ಫಾಯ್‌ಗೆ ಸೇರಿತು, 2008ರಿಂದ ಜನರಿಗೆ ತೆರೆದಿದೆ.

ಬಗಾಟ್ಟಿ ವಾಲ್ಸೆಕ್ಕಿ 1880ರ ದಶಕದ್ದು. ಶ್ರೀಮಂತ ಸಹೋದರರಿಬ್ಬರು ನವೋದಯ ಕಾಲದ ಅರಮನೆಯಂತೆ ರೂಪಿಸಿ, ನಲ್ಲಿನೀರಿನಂಥ ಸೌಕರ್ಯಗಳನ್ನು ಹಳೆಯ ಕೆತ್ತನೆಗಳ ಹಿಂದೆ ಮರೆಮಾಡಿದರು. ಹಳೆಯ ಆಯುಧ, ಪೀಠೋಪಕರಣಗಳ ಮೋಹವಿದ್ದವರು ಇಲ್ಲಿಗೇ ಹೋಗಿ.