ಮೈಕ್ರೋಸ್ಕೋಪಾ, ಐಟಿಎಸ್ಸಾ, ಟೆಫ್1ಆ? ಅಣಬೆ ರೋಗಕ್ಕೆ ಹೆಸರು ಹುಡುಕೋಕೆ ಮೂರೂ ಮಾಡಿ ನೋಡಿದೆ

ಅಣಬೆ ಬೆಡ್‌ಗೆ ರೋಗ ಬಂದ್ರೆ ಎಲ್ರೂ ಕೇಳೋದು ಏನು ಹೊಡೀಬೇಕು ಅಂತ. ನನ್ ತಲೆನೋವು ಬೇರೆ ಇತ್ತು, ಬಂದಿರೋದು ಯಾರು ಅಂತ ಕಂಡುಹಿಡಿದು ಕ್ಯಾಟಲಾಗ್‌ಗೆ ಸೇರಿಸ್ಬೇಕಿತ್ತು. ಬಟನ್ ಅಣಬೆ, ಆಯ್ಸ್ಟರ್ ಅಣಬೆ ಎರಡರಿಂದ್ಲೂ ತೆಗೆದು ರೋಗಾಣು ಬೆಳೆಸಿದ ನಲವತ್ತು ಚಿಲ್ಲರೆ ಪ್ಲೇಟು ಕೈಲಿತ್ತು, ಎಲ್ಲಾನೂ ಮೂರು ದಾರೀಲೂ ನೋಡೇಬಿಡೋಣ ಅಂತ ಕೂತೆ: ಒಂದು ಮೈಕ್ರೋಸ್ಕೋಪು, ಇನ್ನೆರಡು ಡಿಎನ್ಎಯಲ್ಲಿ ಐಟಿಎಸ್, ಟೆಫ್1 ಅನ್ನೋ ಭಾಗಗಳನ್ನ ಓದಿ ಹೆಸರು ಹುಡುಕೋದು.

ಮೊದ್ಲು ಮೈಕ್ರೋಸ್ಕೋಪ್. ಇದು ಹಳೇ ಕಾಲದ್ದು ಅಂತ ಮೂಗು ಮುರಿಯೋರು ಒಂದ್ಸಲ ಮೈಕೋಗೋನ್ ಪರ್ನಿಸಿಯೋಸಾ ಅನ್ನೋ ರೋಗದ ಶಿಲೀಂಧ್ರದ ಬೀಜಕ ನೋಡ್ಬೇಕು. ಎರಡು ಕೋಶ, ಮೇಲಿಂದು ದಪ್ಪ ಗೋಡೆಯ ಕಂದು ಉಂಡೆ, ಮೈತುಂಬ ಗಂಟುಗಂಟು, ಕೆಳಗಿಂದು ನುಣ್ಣಗೆ ತೆಳ್ಳಗೆ. ಒಂದ್ಸಲ ನೋಡಿದ್ರೆ ಜನ್ಮದಲ್ಲಿ ಮರೆಯಲ್ಲ, ಅದ್ರ ಜೊತೆಗೆ ಅಣಬೆ ಮೇಲೆ ಜೇನಿನ ಬಣ್ಣದ ಹನಿ ಇದ್ರಂತೂ ವೆಟ್ ಬಬಲ್ ರೋಗ ಅಂತ ಕಣ್ಮುಚ್ಚಿ ಬರೀಬಹುದು. ಡ್ರೈ ಬಬಲ್ ಮಾಡೋ ಲೆಕಾನಿಸಿಲಿಯಂ ಫಂಗಿಕೋಲಾನೂ ಪರವಾಗಿಲ್ಲ, ಸಣ್ಣ ಕಡ್ಡಿಗೆ ಸುತ್ತ ಸುತ್ತ ಕವಲು ಒಡೆದಿರುತ್ತೆ. ಆದ್ರೆ ಸೋಂಕು ಎಳೇದಾಗಿದ್ದಾಗ ಎರಡೂ ಒಂದೇ ಥರ ಬಿಳಿ ಮುದ್ದೆ ಕಣ್ರೀ, ಪ್ಲೇಟಲ್ಲಿ ಬೆಳೆಸಿ ಬೀಜಕ ಬರೋವರ್ಗೂ ಕಾಯ್ಲೇಬೇಕು.

ಹಸಿರು ಬೂಷ್ಟಿನ ಹತ್ರ ಬಂದ್ರೆ ಮೈಕ್ರೋಸ್ಕೋಪ್ ಕೈ ಎತ್ತಿಬಿಡುತ್ತೆ. ಅದನ್ನ ಮಾಡೋ ಟ್ರೈಕೋಡರ್ಮಾ ಕುಲದಲ್ಲಿ ಹೆಚ್ಚಿನವು ಹಸಿರೇ, ಹೆಚ್ಚಿನವಕ್ಕೂ ಅದೇ ಬಾಟ್ಲಿ ಆಕಾರದ ಫಿಯಾಲೈಡು (ಬೀಜಕ ಹುಟ್ಟೋ ಕೋಶ), ಅದೇ ಚಿಕ್ಕ ದುಂಡು ಬೀಜಕ. ಎರಡು ದಿನ ಕೂತು 17 ಪ್ಲೇಟಿಗೂ ಟ್ರೈಕೋಡರ್ಮಾ ಹಾರ್ಜಿಯಾನಮ್ ಅಂತ ಲೇಬಲ್ ಬರೆದೆ. ಇದೇ ತಪ್ಪನ್ನ ನನಗಿಂತ ದೊಡ್ಡೋರೂ ಮಾಡಿದ್ರು ಅನ್ನೋದೊಂದೇ ಸಮಾಧಾನ. 1980ರ ದಶಕದಲ್ಲಿ ಯುರೋಪಲ್ಲಿ, ಆಮೇಲೆ ಉತ್ತರ ಅಮೆರಿಕಾದಲ್ಲಿ ಬಟನ್ ಅಣಬೆ ಬೆಳೆ ಹಾಳು ಮಾಡಿದ ಹಸಿರು ಬೂಷ್ಟನ್ನ ಮೊದ್ಲು ಹಾರ್ಜಿಯಾನಮ್ಮಿನ ಟಿಎಚ್2, ಟಿಎಚ್4 ಗುಂಪು ಅಂತ ಕರೀತಿದ್ರು, 2002ರಲ್ಲಿ ಅದು ಬೇರೇನೇ ಪ್ರಭೇದ ಅಂತ ಟ್ರೈಕೋಡರ್ಮಾ ಅಗ್ರೆಸಿವಮ್ ಅನ್ನೋ ಹೆಸರು ಬಂತು. ಹೆಸರಲ್ಲೇನಿದೆ ಅನ್ಬೇಡಿ, ಹಾರ್ಜಿಯಾನಮ್ ಅಂದ್ರೆ ಬೆಳೆಗಳ ಬೇರುರೋಗಕ್ಕೆ ಔಷಧಿ ಥರ ಮಣ್ಣಿಗೆ ಹಾಕೋ ಶಿಲೀಂಧ್ರ, ಅಣಬೆ ಕೊಲ್ಲೋನಿಗೂ ಅದೇ ಹೆಸರು ಕಟ್ಟಿದ್ರೆ ಆ ಕ್ಯಾಟಲಾಗ್ ಯಾರಿಗೆ ಬೇಕು.

ಎರಡನೇದು ಐಟಿಎಸ್. 2012ರಲ್ಲಿ ಶಿಲೀಂಧ್ರಗಳಿಗೆಲ್ಲ ಇದೇ ಬಾರ್‌ಕೋಡ್, ಅಂದ್ರೆ ಪ್ರಭೇದ ಗುರುತಿಸೋ ಡಿಎನ್ಎ ತುಂಡು, ಆಗ್ಲಿ ಅಂತ ಪ್ರಸ್ತಾಪ ಆಗಿದ್ದು. ಮಾಡೋಕೆ ಸುಲಭ, ಐಟಿಎಸ್1ಎಫ್ ಮತ್ತು ಐಟಿಎಸ್4 ಪ್ರೈಮರ್ (ಬೇಕಾದ ಭಾಗಕ್ಕೆ ಅಂಟ್ಕೊಂಡು ನಕಲು ಮಾಡಿಸೋ ಚಿಕ್ಕ ಡಿಎನ್ಎ ತುಂಡು) ಹಾಕಿದ್ರೆ ಮೊದಲ್ನೇ ಸಲಕ್ಕೇ ನಕಲಾಗಿದೆ ಅಂತ ತೋರಿಸೋ ಬ್ಯಾಂಡ್ ಬಂದುಬಿಡುತ್ತೆ. ಆ ಸುಲಭವೇ ನನ್ನ ಕೆಡಿಸ್ತು. ಪ್ಲೇಟಲ್ಲಿ ಬೆಳೆಸೋ ಗೋಳು ಯಾಕೆ ಅಂತ ರೋಗ ಬಂದ ಅಣಬೆಯಿಂದ್ಲೇ ನೇರವಾಗಿ ಚೂರು ಕತ್ತರಿಸಿ ಡಿಎನ್ಎ ತೆಗ್ದೆ, ಫಳಫಳ ಅನ್ನೋ ಬ್ಯಾಂಡು, ಖುಷಿಯಾಗಿ ಸೀಕ್ವೆನ್ಸಿಂಗ್‌ಗೆ ಕಳ್ಸಿದೆ, ಬಂದ ಉತ್ತರ ಅಗಾರಿಕಸ್ ಬೈಸ್ಪೋರಸ್, ಅಂದ್ರೆ ಬಟನ್ ಅಣಬೆನೇ! ಕಳ್ಳನ್ನ ಹಿಡಿಯೋಕೆ ಹೋಗಿ ಮನೆ ಯಜಮಾನನ್ನ ಕಟ್ಟಿಹಾಕ್ಕೊಂಡು ಬಂದಂಗಾಯ್ತು. ರೋಗಿಯೂ ಶಿಲೀಂಧ್ರ, ರೋಗವೂ ಶಿಲೀಂಧ್ರ, ಪ್ರೈಮರ್‌ಗೆ ಇಬ್ರಲ್ಲಿ ಭೇದ ಇಲ್ಲ, ಅಣಬೆ ಡಿಎನ್ಎ ಜಾಸ್ತಿ ಇತ್ತು ಅದು ಗೆದ್ದಿತು. ಅವತ್ತಿಂದ ಒಂದೇ ಬೀಜಕದಿಂದ ಬೆಳೆಸಿದ ಶುದ್ಧ ಕಲ್ಚರ್ ಇಲ್ದೆ ಡಿಎನ್ಎ ನಕಲು ಮಾಡೋ ಪಿಸಿಆರ್ ಮೆಷಿನ್ ಹತ್ರಾನೂ ಹೋಗಲ್ಲ. (ಕಂದು ಕಲೆ ಮಾಡೋ ಸ್ಯೂಡೋಮೊನಾಸ್ ಟೊಲಾಸಿಗೆ ಈ ಐಟಿಎಸ್ ಕಥೆನೇ ಅನ್ವಯಿಸಲ್ಲ, ಅದು ಬ್ಯಾಕ್ಟೀರಿಯಾ, ಅದಕ್ಕೆ 16ಎಸ್ ಅನ್ನೋ ಜೀನು, ಅದೂ ಪ್ರಭೇದದ ಮಟ್ಟಕ್ಕೆ ಸಾಲಲ್ಲ.)

ಶುದ್ಧ ಕಲ್ಚರಿಂದ ತೆಗೆದ್ಮೇಲೆ ಮೈಕೋಗೋನ್, ಲೆಕಾನಿಸಿಲಿಯಂ ಎರಡಕ್ಕೂ ಐಟಿಎಸ್ ಧಾರಾಳವಾಗಿ ಸಾಕಾಯ್ತು, ಮೈಕ್ರೋಸ್ಕೋಪ್ ಹೇಳಿದ್ದಕ್ಕೂ ತಾಳೆ ಆಯ್ತು. ಜೇಡರಬಲೆ ಥರ ಹಬ್ಬೋ ಕ್ಲಾಡೋಬೋಟ್ರಿಯಂಗೆ ಕುಲ ಸಿಗ್ತು, ಹತ್ತಿರದ ಪ್ರಭೇದಗಳ ನಡುವೆ ಸ್ವಲ್ಪ ಇಕ್ಕಟ್ಟು. ಟ್ರೈಕೋಡರ್ಮಾಗೆ ಮಾತ್ರ ಬ್ಲಾಸ್ಟ್ ಮಾಡಿದ್ರೆ (ಡೇಟಾಬೇಸಿನ ಸೀಕ್ವೆನ್ಸ್‌ಗಳ ಜೊತೆ ಹೋಲಿಸಿದ್ರೆ) ನೂರಕ್ಕೆ ನೂರು ಹೊಂದೋ ಸಾಲುಸಾಲು ಹೆಸರು, ಯಾವ್ದು ಬೇಕೋ ತಗೋ ಅನ್ನೋ ಥರ.

ಬ್ಲಾಸ್ಟ್ ಅಂದೆನಲ್ಲ, ಅಲ್ಲೂ ಎರಡು ಡೇಟಾಬೇಸ್ ಇದೆ, ಜೀನ್‌ಬ್ಯಾಂಕ್ ಮತ್ತು ಯೂನೈಟ್. ಜೀನ್‌ಬ್ಯಾಂಕಲ್ಲಿ ಹಾಕಿದೋರು ಕೊಟ್ಟ ಹೆಸರು ಸಾಮಾನ್ಯವಾಗಿ ಹಂಗೇ ಕೂತಿರುತ್ತೆ, ಲೆಕಾನಿಸಿಲಿಯಂ ಹುಡುಕಿದ್ರೆ ಅದರ ಹಳೇ ಹೆಸರು ವರ್ಟಿಸಿಲಿಯಂ ಫಂಗಿಕೋಲಾನೂ ಪಕ್ಕದಲ್ಲೇ ಬರುತ್ತೆ, ಹೊಸಬ್ರಿಗೆ ಇವೆರಡೂ ಒಂದೇ ಅಂತ ಹೆಂಗೆ ಗೊತ್ತಾಗ್ಬೇಕು. ಯೂನೈಟ್‌ನಲ್ಲಿ ಒಂದೇ ಥರದ ಸೀಕ್ವೆನ್ಸ್‌ಗಳನ್ನ ಗುಂಪು ಮಾಡಿ ಕೋಡ್ ಕೊಟ್ಟಿರ್ತಾರೆ, ಹೆಸರು ಬದಲಾದ್ರೂ ಕೋಡ್ ಹಿಡ್ಕೊಂಡು ಹುಡುಕ್ಬಹುದು. ಕ್ಯಾಟಲಾಗ್‌ಗೆ ನಾನು ಈ ಕೋಡನ್ನೇ ಬರೆಯೋದು.

ಕೊನೇದು ಟೆಫ್1. ಬಹಳ ಹಠಮಾರಿ. ಶಾಖ ಒಂದೆರಡು ಡಿಗ್ರಿ ಆಚೀಚೆ ಆದ್ರೆ ಬ್ಯಾಂಡ್ ಮಸುಕು, ಅರ್ಧ ಸ್ಯಾಂಪಲ್ ಎರಡೆರಡು ಸಲ ಮಾಡ್ದೆ. ಡಿಎನ್ಎ ತೆಗೆಯೋ ವಿಧಾನಾನೂ ಇಲ್ಲಿ ಲೆಕ್ಕಕ್ಕೆ ಬಂತು, ಐಟಿಎಸ್‌ಗೆ ಚೆಲೆಕ್ಸ್ ಅನ್ನೋ ರಾಸಾಯನಿಕದಲ್ಲಿ ಅರ್ಧ ಗಂಟೆ ಕುದಿಸಿದ್ದೇ ಸಾಕಾಗಿತ್ತು, ಟೆಫ್1ಗೆ ನನ್ ಕೈಲಿ ಅದು ನಡೀಲಿಲ್ಲ, ಕ್ಲೋರೋಫಾರ್ಮ್ ವಾಸನೆ ತಡ್ಕೊಂಡು ಇಡೀ ದಿನ ಸಿಟ್ಯಾಬ್ ಅನ್ನೋ ವಿಧಾನದಲ್ಲಿ ಡಿಎನ್ಎ ತೆಗೆದ್ಮೇಲೇ ದಾರಿಗೆ ಬಂದಿದ್ದು. ಆದ್ರೆ ಫಲಿತಾಂಶ ನೋಡಿ ಎಲ್ಲಾ ಮರ್ತೆ: ನಾನು ಒಂದೇ ಹೆಸರು ಬರೆದಿದ್ದ 17 ಪ್ಲೇಟು ಮೂರು ಗುಂಪಾಗಿ ಒಡೀತು. ಬಟನ್‌ನಿಂದ ಬಂದಿದ್ದು ಹೆಚ್ಚಿಂದು ಅಗ್ರೆಸಿವಮ್, ಆಯ್ಸ್ಟರ್‌ನಿಂದ ಬಂದಿದ್ದು ಟ್ರೈಕೋಡರ್ಮಾ ಪ್ಲೂರೋಟಿಕೋಲಾ, ಉಳಿದ ನಾಲ್ಕು ಎಲ್ಲೂ ಸರಿಯಾಗಿ ಕೂರಲಿಲ್ಲ. 2021ರಲ್ಲಿ ಟ್ರೈಕೋಡರ್ಮಾಗೇ ಅಂತ ಬಂದ ಮಾರ್ಗಸೂಚಿ ಪ್ರಕಾರ ಪ್ರಭೇದ ಅನ್ಬೇಕಾದ್ರೆ ಟೆಫ್1 ಶೇ. 97 ಹೊಂದಿದ್ರೆ ಸಾಲದು, ಆರ್‌ಪಿಬಿ2 ಅನ್ನೋ ಇನ್ನೊಂದು ಜೀನು ಶೇ. 99 ಕೂಡ ಹೊಂದ್ಬೇಕು. ಆರ್‌ಪಿಬಿ2 ನಾನಿನ್ನೂ ಮಾಡಿಲ್ಲ, ಹಂಗಾಗಿ ಮೊದಲ ಎರಡು ಗುಂಪಿನ ಹೆಸರೂ ಸದ್ಯಕ್ಕೆ ಪೆನ್ಸಿಲಲ್ಲೇ ಇದೆ.

ಈಗ ಬಿಳಿ ಮುದ್ದೆ ಬಂದ್ರೆ ಮೈಕ್ರೋಸ್ಕೋಪ್ ನೋಡಿ ಐಟಿಎಸ್ ಮಾಡಿ ಮುಗಿಸ್ತೀನಿ, ಹಸಿರು ಬಂದ್ರೆ ಕುಲ ಖಾತ್ರಿಗೆ ಅಂತ ಮಾತ್ರ ಐಟಿಎಸ್, ನಂಬೋದು ಟೆಫ್1ನ್ನ. ಯಾವ ದಾರಿಯಾದ್ರೂ ಕಲ್ಚರ್‌ನ ಒಂದು ತುಂಡು ಬರಡು ಮಾಡಿದ ನೀರಿನ ಸೀಸೇಲಿ ಇಟ್ಟಿರ್ತೀನಿ, ಆ ನಾಲ್ಕು ಪ್ಲೇಟಿಂದೂ ಇದೆ, ಲೇಬಲ್ ಮೇಲೆ ಹಾರ್ಜಿಯಾನಮ್ ಹೊಡೆದುಹಾಕಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೀನಿ.